ಗೋಣೆಪ್ಪನ ಮಾತಿನ ಪೆಟ್ಟಿಗೆಯ ವೈರು

ಹೊನ್ನಾಳಿಯಲ್ಲಿ ಯಾರಾದರೂ ತೀರಿಕೊಂಡರೆ ಊರಿಗೆ ಆ ಸುದ್ದಿ ಮುಟ್ಟುತ್ತಿದ್ದುದು ಗೋಣೆಪ್ಪನ ಬಾಯಿಂದ. ಈಗ ಫೋನಿನಲ್ಲಿ ಫೋಟೊ ಹಾಕಿ ಕೈಮುಗಿಯುವವರು ಬೇಕಾದಷ್ಟು ಜನ ಇದ್ದಾರೆ. ಆದರೂ ಗೋಣೆಪ್ಪ ಆಟೊದಲ್ಲಿ ಕೂತು, ಮೈಕ್ ಹಿಡಿದು ಒಂದು ಸುತ್ತು ಬರುವ ತನಕ ಸತ್ತವರ ಮನೆಯವರಿಗೇ ಸಮಾಧಾನ ಇರುತ್ತಿರಲಿಲ್ಲ. "ಹೊನ್ನಾಳಿ ಪಟ್ಟಣದ ಮಹಾಜನಗಳೇ, ಸ್ವಲ್ಪ ಕಿವಿಗೊಡಿ" ಎಂದು ಅವನು ಶುರು ಮಾಡಿದರೆ ಒಲೆ ಮುಂದಿದ್ದ ಹೆಂಗಸರು ಬಾಗಿಲಿಗೆ ಬರುತ್ತಿದ್ದರು. ಚೀಟಿ ನೋಡಿ ಓದುವ ಅಭ್ಯಾಸ ಅವನಿಗಿರಲಿಲ್ಲ. ಸತ್ತವರು ಯಾರ ಮಗ, ಯಾರ ಅಳಿಯ, ಮನೆ ಯಾವ ಬೇವಿನ ಮರದ ಪಕ್ಕ, ಎಲ್ಲ ಬಾಯಲ್ಲೇ ಇರುತ್ತಿತ್ತು. ಸತ್ತವರ ಮನೆಯ ಬೀದಿಗೆ ಬಂದಾಗ ಮಾತ್ರ ಮೈಕ್ ಬಂದ್ ಮಾಡಿ ಸುಮ್ಮನೆ ದಾಟುತ್ತಿದ್ದ. ಅವರಿಗೆ ಗೊತ್ತಿರುವುದನ್ನು ಅವರಿಗೇ ಯಾಕೆ ಕೂಗಿ ಹೇಳಬೇಕು ಎನ್ನುವುದು ಅವನ ನ್ಯಾಯ.

ನಾನು ಸತೀಶ್ ಕುಮಾರ್. ನಮ್ಮಪ್ಪ ಬಂಗಾರಪ್ಪ ಇಟ್ಟ ಮೈಕ್‌ಸೆಟ್ ಅಂಗಡಿಯನ್ನು ಈಗ ನಾನು ನಡೆಸುತ್ತಿದ್ದೇನೆ. ಗೋಣೆಪ್ಪ ಮೀಸೆ ಮೂಡುವ ಮೊದಲೇ ಅಪ್ಪನ ಹತ್ತಿರ ಕೆಲಸಕ್ಕೆ ಸೇರಿದವನು. ಅವನ ಮನೆ ನಮ್ಮ ಅಂಗಡಿಯ ಹಿಂದೆಯೇ, ನಡುವೆ ಒಂದೇ ಗೋಡೆ. ಸಾರುವ ಕೆಲಸದಲ್ಲಿ ಬೈಗುಳವೂ ಸೇರಿದೆ ಎಂದು ಅವನು ನಗುತ್ತಿದ್ದ. ಹೊಳೆಯ ಮೋಟರ್ ಸುಟ್ಟು ಎರಡು ದಿನ ನಲ್ಲಿ ಬರುವುದಿಲ್ಲ ಎಂದು ಸಾರಿದರೆ, ಸುಟ್ಟವನು ಇವನೇ ಏನೋ ಎನ್ನುವಂತೆ ಹೆಂಗಸರು ಬೈಯುತ್ತಿದ್ದರು. ಇವನು ಮೈಕಿನಲ್ಲೇ, "ಅಕ್ಕಾ, ನಮ್ಮನೇಲೂ ನೀರಿಲ್ಲ ಕಣ್ರೀ, ನಾನೂ ಸ್ನಾನ ಮಾಡಿಲ್ಲ" ಎಂದು ಮುಂದೆ ಹೋಗುತ್ತಿದ್ದ.

ವೈರ್ ಸುತ್ತುವುದನ್ನು ನನಗೆ ಕಲಿಸಿದವನೂ ಅವನೇ. ಕಾರ್ಯಕ್ರಮ ಮುಗಿದ ಮೇಲೆ ವೈರನ್ನು ಮುದ್ದೆ ಮಾಡಿ ಚೀಲಕ್ಕೆ ತುರುಕಿದರೆ ಅವನಿಗೆ ಕೆಂಡದಂಥ ಕೋಪ. ಹೆಬ್ಬೆರಳಿಗೆ ಹಾಕಿ, ಮೊಳಕೈ ಬಳಸಿ, ಮತ್ತೆ ಹೆಬ್ಬೆರಳಿಗೆ ತಂದು, ಒಂದೇ ಅಳತೆಯಲ್ಲಿ ಸುತ್ತಿ, ಕೊನೆಯ ತುದಿಯನ್ನು ನಡುವಿಗೆ ಕಟ್ಟಿ ಇಡಬೇಕು. "ಕೆಲಸ ಮುಗೀತು ಅಂತ ಹೇಳೋದು ಹಿಂಗೆ ಕಣೋ" ಎನ್ನುತ್ತಿದ್ದ.

ಹೋದ ವರ್ಷ ಯುಗಾದಿ ಕಳೆದು ಒಂದು ತಿಂಗಳಿಗೆ ಅವನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು. ಬಲಗೈ ಹೋಯಿತು, ಅದರ ಜೊತೆ ಮಾತೂ ಹೋಯಿತು. ಬಾಯಿ ತೆರೆದರೆ ಗೊಗ್ಗರು ಸದ್ದು ಮಾತ್ರ. ದಾವಣಗೆರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದರು. ಅವರು, "ಮೊದಲ ಆರೇಳು ತಿಂಗಳು ಬಹಳ ಮುಖ್ಯ. ದಿನಾ ಮಾತಾಡಿಸಿ, ಒಂದು ದಿನವೂ ತಪ್ಪಿಸಬೇಡಿ" ಎಂದು ಹೇಳಿ ಕಳಿಸಿದರು. ಗೋಣೆಪ್ಪನಿಗೆ ಇದ್ದ ಆಸೆ ಒಂದೇ. ಮತ್ತೆ ಆಟೊ ಹತ್ತಬೇಕು, ಹೊನ್ನಾಳಿ ಪಟ್ಟಣದ ಮಹಾಜನಗಳೇ ಅನ್ನಬೇಕು. ಆಟೊ ಓಡಿಸುವ ಇಸ್ರಾರ್ ಪೆನ್‌ಡ್ರೈವಿನಲ್ಲಿ ಯಾರದೋ ದನಿ ಹಾಕಿಕೊಂಡು ತಿರುಗುತ್ತಿದ್ದ. "ಗೋಣೆಪ್ಪಣ್ಣ ಬರೋತನ ಅಷ್ಟೇ" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ.

ಆದರೆ ನಾವು ಅವನನ್ನು ಮಾತಾಡಿಸಿದ್ದು ಹೇಗೆ? ಅವನು ಏನಂದರೂ ತಲೆ ಆಡಿಸಿದೆವು. ನೋಯಿಸಬಾರದು ಎಂದು ನಾನೂ, ಅವನ ಹೆಂಡತಿ ಅಂಜಮ್ಮನೂ, ನೋಡಲು ಬಂದ ಊರವರೂ ಹ್ಞೂ ಹ್ಞೂ ಎಂದೆವು. ಒಂದು ದಿನ ಅವನು ನನ್ನ ಮುಖ ನೋಡಿ ಏನೋ ಗೊಗ್ಗರಿಸಿದ. ನಾನು, "ಹ್ಞೂ ಗೋಣೆಪ್ಪಣ್ಣ, ಖಂಡಿತ, ಹಂಗೇ ಮಾಡಾಣ" ಎಂದೆ. ಅವನು ಪಕ್ಕದಲ್ಲಿದ್ದ ಸ್ಲೇಟು ತೆಗೆದು ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದ: ನಿನ್ನ ಬೈದೆ. ನಾನು ಜೋರಾಗಿ ನಕ್ಕೆ. ಅವನು ನಗಲಿಲ್ಲ.

ಅವನ ಮಗಳು ಆಶಾ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಹಾಸ್ಟೆಲಿನ ಗೆಳತಿಯೊಬ್ಬಳು ಬಳಸಿ ಬಿಟ್ಟಿದ್ದ ಸ್ಮಾರ್ಟ್ ಸ್ಪೀಕರ್ ಒಂದನ್ನು ತಂದಳು. ತೆಂಗಿನಕಾಯಿ ಗಾತ್ರದ ದುಂಡನೆ ಪೆಟ್ಟಿಗೆ. ನಮ್ಮ ಅಂಗಡಿಯ ವೈಫೈ ಗೋಡೆ ದಾಟಿ ಅವರ ನಡುಮನೆಗೆ ಸಿಗುತ್ತಿತ್ತು. ಮೇಲಿನ ಗುಂಡಿ ಒತ್ತಿ ಊರಿನ ಹೆಸರು ಹೇಳಿದರೆ ಅಲ್ಲಿಯ ಬಿಸಿಲು ಮಳೆ ಎಷ್ಟೆಂದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಹೆಸರು ತಿಳಿಯದಿದ್ದರೆ, "ಸಾರಿ, ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್" ಅಷ್ಟೇ. ಅದಕ್ಕೆ ದಾಕ್ಷಿಣ್ಯ ಇರಲಿಲ್ಲ. ಗೋಣೆಪ್ಪನಿಗೆ ಬೇಕಾಗಿದ್ದುದು ಅದೇ. ಇಡೀ ಊರಿನಲ್ಲಿ ಅವನಿಗೆ ಸುಳ್ಳು ಹೇಳದೆ ಇದ್ದದ್ದು ಆ ಪೆಟ್ಟಿಗೆ ಒಂದೇ.

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಗೋಡೆಯ ಆಚೆಯಿಂದ ಕೇಳಿಸುತ್ತಿತ್ತು. "ಅಗಊಊ." ಸಾರಿ. "ಅಗಳೂ." ಸಾರಿ. ಇಪ್ಪತ್ತು ಸಲ, ಮೂವತ್ತು ಸಲ. ನಾನಾಗಿದ್ದರೆ ಎತ್ತಿ ಬಿಸಾಕುತ್ತಿದ್ದೆ. ಶ್ರಾವಣದ ಹೊತ್ತಿಗೆ ಒಂದು ದಿನ ಆ ಪೆಟ್ಟಿಗೆ ಜಗಳೂರಿನಲ್ಲಿ ಮೋಡ ಮುಚ್ಚಿದೆ ಎಂದಿತು. ಅಂಜಮ್ಮ ಓಡಿ ಬಂದು, "ಸತೀಶಣ್ಣ, ಜಗಳೂರು ಬಂತು! ಜಗಳೂರು ಬಂತು!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ಬಸ್ಸಿಗೆ ಕಾಯುತ್ತಿದ್ದವರೊಬ್ಬರು ಎದ್ದು ನಿಂತು ಬಸ್ಸು ಎಲ್ಲಿ ಎಂದು ನೋಡಿದರು. ಆಮೇಲೆ ಚನ್ನಗಿರಿ ಬಂತು. ಗಣಪತಿ ಹಬ್ಬ ಕಳೆದ ಮೇಲೆ, ಬಹಳ ಕಾಡಿಸಿ, ನ್ಯಾಮತಿಯೂ ಬಂತು. ಉಳಿದದ್ದು ಹೊನ್ನಾಳಿ. ಸ್ವಂತ ಊರನ್ನು ಅವನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದ ಅನ್ನಿಸುತ್ತದೆ. ನನ್ನ ಫೋನ್ ಕೊಟ್ಟು ಇದಕ್ಕೂ ಹೇಳಬಹುದು ಎಂದರೆ ಮುಖ ಆಚೆ ತಿರುಗಿಸಿದ. ಫೋನಾದರೆ ಅದನ್ನು ಹಿಡಿದುಕೊಂಡು ಒಬ್ಬರು ಎದುರಿಗೆ ಕೂರಬೇಕು, ಮನುಷ್ಯರ ಮುಂದೆ ತಡವರಿಸಲು ಅವನಿಗೆ ನಾಚಿಕೆ.

ಆಯುಧಪೂಜೆ ಬಂತು. ನಮ್ಮಲ್ಲಿ ಅವತ್ತು ಆಂಪ್ಲಿಫೈಯರು, ಹಾರ್ನು, ಮೈಕು ಎಲ್ಲವನ್ನೂ ಒರೆಸಿ ಪೂಜೆ ಮಾಡುತ್ತೇವೆ. ವರ್ಷವೂ ಗೋಣೆಪ್ಪನ ಮೈಕಿಗೆ ಮನೆಯಲ್ಲಿ ಮೊದಲ ಕುಂಕುಮ ಇಡುತ್ತಿದ್ದವಳು ಅಂಜಮ್ಮ. ಈ ಸಲ ಅವಳಿಗೆ ಮೈಕಿಗಿಂತ ಪೆಟ್ಟಿಗೆ ದೊಡ್ಡದಾಗಿ ಕಂಡಿತು. ಗಂಡನಿಗೆ ಮಾತು ಕೊಡುತ್ತಿರುವ ದೇವರಲ್ಲವೇ? ವೈರ್ ಕಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ, ಹೂ ಮುಡಿಸಿ, ಅರಿಶಿನ ಕುಂಕುಮ ಹಚ್ಚಿದಳು. ವೈರಿನ ತುದಿಯ ಪಿನ್ನನ್ನೂ ಬಿಡಲಿಲ್ಲ. ಕಲಸಿದ ಕುಂಕುಮವನ್ನು ಅದರ ಪುಟ್ಟ ಬಾಯಿಗೂ ಇಟ್ಟಳು. ಮಂಗಳಾರತಿ ಎತ್ತಿ, ನಮಸ್ಕಾರ ಮಾಡಿ, ಪಿನ್ ಸಿಕ್ಕಿಸಿ ಸ್ವಿಚ್ ಹಾಕಿದಳು. ಚಟ್ ಎಂದಿತು. ಪಿನ್ನಿನ ಬಾಯಿ ಕಪ್ಪಗಾಯಿತು, ಗೋಡೆಯ ಹತ್ತಿರದ ಅಡಾಪ್ಟರಿನಿಂದ ಸುಟ್ಟ ವಾಸನೆ ಬಂತು.

ನಾನು ಹೋಗಿ ನೋಡಿದೆ. ಪೆಟ್ಟಿಗೆಗೆ ಏನೂ ಆದಂತೆ ಕಾಣಲಿಲ್ಲ, ವೈರ್ ಮಾತ್ರ ಹೋಗಿತ್ತು. ಅಂಜಮ್ಮ ಕೈಗೆ ಹತ್ತಿದ್ದ ಕುಂಕುಮ ನೋಡಿಕೊಂಡು ಅಳುತ್ತಿದ್ದಳು. "ನನ್ನ ಕೈಯಾರೆ ಮಾಡಿಬಿಟ್ನಲ್ಲ ಸತೀಶಣ್ಣ."

"ಒಂದು ವೈರಿಗೆ ಯಾಕಳ್ತೀಯ ಅಂಜಮ್ಮ? ವೈರ್ ಜೋಡ್ಸೋದೇ ನಮ್ಮ ಕಸುಬಲ್ವಾ? ನಾಳೆ ಮಾಡ್ಕೊಡ್ತೀನಿ" ಎಂದೆ.

ಸಂಜೆ ಆಶಾ ಫೋನ್ ಮಾಡಿದಳು. "ಮಾಮ, ನಾನು ಹೊಸದೇ ಒಂದು ತರಿಸ್ಲಾ? ಅಪ್ಪಂಗೆ ದಿನ ತಪ್ಪಬಾರ್ದು."

"ವೈರ್ ಹೋಗಿದ್ದಕ್ಕೆ ಪೆಟ್ಗೆ ಎಸೀತಾರೇನವ್ವ? ಬ್ಯಾಡ. ನಾನಿದ್ದೀನಿ."

ಆ ಮಾತನ್ನು ಈಗ ನುಂಗಿಕೊಳ್ಳಲು ಆಗುತ್ತಿದ್ದರೆ ನುಂಗಿಕೊಳ್ಳುತ್ತಿದ್ದೆ.

ಅಡಾಪ್ಟರೂ ವೈರೂ ಪಿನ್ನೂ ಒಂದೇ ಎರಕ. ಬಿಚ್ಚಲು ಒಂದು ಸ್ಕ್ರೂ ಇಲ್ಲ. ಕತ್ತರಿಸಿ ಟಿವಿ ಬಾಕ್ಸಿನ ಅಡಾಪ್ಟರಿಗೆ ಜೋಡಿಸಿದೆ, ಸುಟ್ಟ ಪಿನ್ನಿನಲ್ಲಿ ಕರೆಂಟ್ ಹರಿಯಲಿಲ್ಲ. ನನ್ನಲ್ಲಿದ್ದ ಡಬ್ಬಿಯ ಪಿನ್ನುಗಳನ್ನೆಲ್ಲ ಹಚ್ಚಿ ನೋಡಿದೆ. ಒಂದು ದಪ್ಪ, ಒಂದು ಸಣ್ಣ, ಒಂದು ಒಳಗೆ ಹೋಗಿ ಅಲ್ಲಾಡುತ್ತದೆ. ಜಗತ್ತಿನಲ್ಲಿ ಇನ್ಯಾವ ಸಾಮಾನಿಗೂ ಇಲ್ಲದ ಅಳತೆಯನ್ನು ಹುಡುಕಿ ಇಟ್ಟಿದ್ದರು ಪುಣ್ಯಾತ್ಮರು. ದಾವಣಗೆರೆಗೆ ಹೋದೆ, ಶಿವಮೊಗ್ಗಕ್ಕೆ ಹೋದೆ. ಅಂಗಡಿಯವರು ಪಿನ್ ನೋಡಿ, "ಇದು ಬಿಡಿ ಬರಲ್ಲ ಸಾರ್, ಹೊಸ ಪೀಸೇ ತಗೊಳ್ಳಿ" ಎಂದರು. ಕಂಪನಿಗೆ ಫೋನ್ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ, ಸಂಗೀತ ಕೇಳಿ. ಕೊನೆಗೆ ಸಿಕ್ಕಿದ ಹುಡುಗಿ ಬಹಳ ನಯವಾಗಿ, ಆ ಮಾಡೆಲ್ ನಿಂತುಹೋಗಿದೆ, ವೈರ್ ಪ್ರತ್ಯೇಕ ಮಾರುವುದಿಲ್ಲ, ಬಿಲ್ ಇದ್ದರೆ ಕಳಿಸಿ ಎಂದಳು. ಗೆಳತಿ ಕೊಟ್ಟ ಪೆಟ್ಟಿಗೆಗೆ ಬಿಲ್ ಎಲ್ಲಿಂದ ತರಲಿ?

ನನಗೆ ರೇಗಿತು. ಇಪ್ಪತ್ತು ಮೂವತ್ತು ವರ್ಷದ ಹಳೆಯ ಆಂಪ್ಲಿಫೈಯರುಗಳನ್ನು ಇವತ್ತಿಗೂ ಹಾಡಿಸುವವನು ನಾನು. ನಾಲ್ಕು ಮೊಳ ವೈರಿನ ಮುಂದೆ ಸೋಲುವುದೇ? ದಿನಾ ಫೋನ್ ಮಾಡಿದೆ, ಜಗಳವಾಡಿದೆ. ಗ್ರಾಹಕರ ಕೋರ್ಟಿಗೆ ಹಾಕುತ್ತೇನೆಂದು ಮೂರು ಪುಟ ಬರೆದೆ. ಅಂಗಡಿಗೆ ಬಂದವರಿಗೆಲ್ಲ ಅದನ್ನು ಓದಿ ಹೇಳಿದೆ, ಅವರೂ ಭೇಷ್ ಎಂದರು. ಗೋಣೆಪ್ಪನ ಮನೆಗೆ ಹೋದಾಗಲೂ ಮಾತಾಡಿದ್ದು ಕಂಪನಿಯ ವಿಷಯವನ್ನೇ. ಅವನು ಮಂಚದ ಮೇಲೆ ಕೂತು ಕೇಳುತ್ತಿದ್ದ. ಅದೂ ಎಷ್ಟು ಸಲ ಹೋದೆ? ಮೂರು ಸಲ. ನಡುವೆ ಇದ್ದದ್ದು ಒಂದು ಗೋಡೆ. ಬೆಳಿಗ್ಗೆ ಬಾಗಿಲು ತೆಗೆಯುವಾಗ ಆಚೆಯಿಂದ ಸದ್ದಿಲ್ಲ ಎನ್ನುವುದು ನನ್ನ ಕಿವಿಗೆ ಬೀಳಲೇ ಇಲ್ಲ.

ದೀಪಾವಳಿ ಕಳೆದ ಮೇಲೆ ಅಂಜಮ್ಮ ಅಂಗಡಿಯ ಮೆಟ್ಟಿಲ ಹತ್ತಿರ ಬಂದು ನಿಂತಳು.

"ಬೆಳಗೆದ್ದು ಆ ಗುಂಡಿ ಒತ್ತಿ ನೋಡ್ತಾರೆ ಸತೀಶಣ್ಣ. ಆಮ್ಯಾಕೆ ಬಾಯೇ ತೆಗೆಯಲ್ಲ. ನೀರು ಬೇಕಾದ್ರೂ ಲೋಟ ತೋರಿಸ್ತಾರೆ. ಆಶಾ ಹೊಸದು ತರ್ತೀನಿ ಅಂದ್ರೆ ನೀವು ಬ್ಯಾಡ ಅಂದಿದ್ರಿ ಅಂತ..."

ಅವಳು ದೂರಲಿಲ್ಲ. ಮಾತು ಅರ್ಧಕ್ಕೇ ಬಿಟ್ಟು ಹೋದಳು. ನನಗೆ ಯಾರೋ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಕಂಪನಿಯ ಮೇಲಿನ ಹಟದಲ್ಲಿ ನಾನು ಗೋಣೆಪ್ಪನನ್ನೇ ಮರೆತಿದ್ದೆ.

ಅವತ್ತೇ ಗೊತ್ತಿದ್ದ ಮೈಕ್‌ಸೆಟ್‌ನವರಿಗೆಲ್ಲ ಪಿನ್ನಿನ ಫೋಟೊ ಕಳಿಸಿದೆ. ಜಗಳೂರು ತಾಲ್ಲೂಕಿನ ಸೊಕ್ಕೆಯ ಕಲ್ಲೇಶ್ ಫೋನ್ ಮಾಡಿದ. ಅವನ ಮನೆಯಲ್ಲಿ ಅದೇ ಪೆಟ್ಟಿಗೆ ಮಕ್ಕಳ ಕೈಯಿಂದ ಬಿದ್ದು ಒಡೆದಿತ್ತು, ವೈರ್ ಚೆನ್ನಾಗಿತ್ತು. "ಬಂದು ತಗೊಂಡು ಹೋಗ್ರಿ, ನನಗೇನು ಮಾಡಾಕೆ ಬೇಕು ಅದು?" ಎಂದ. ಮರುದಿನ ಮೊದಲ ಬಸ್ಸಿಗೆ ಹೊರಟು ಮಧ್ಯಾಹ್ನ ಸೊಕ್ಕೆ ಮುಟ್ಟಿದೆ. ಊಟ ಮಾಡಿ ಹೋಗಿ ಎಂದರೂ ನಿಲ್ಲಲಿಲ್ಲ. ವೈರನ್ನು ಅಂಗಿಯ ಒಳಗೆ ಇಟ್ಟುಕೊಂಡು ವಾಪಸ್ ಬಂದೆ.

ಪೆಟ್ಟಿಗೆ ನಿಂತು ಆಗಲೇ ನಲವತ್ತೊಂದು ದಿನವಾಗಿತ್ತು. ಮೇಡಂ ಹೇಳಿದ್ದ ಆರೇಳು ತಿಂಗಳೂ ಮುಗಿಯುತ್ತ ಬಂದಿತ್ತು. ನಾನು ಹೋದಾಗ ಗೋಣೆಪ್ಪ ಮಂಚದ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ವೈರ್ ತೋರಿಸಿದೆ. ಅವನ ಕಣ್ಣು ಅರಳಿತು, ಅದನ್ನು ನಾನು ನೋಡಿದೆ. ಪಿನ್ ಸರಿಯಾಗಿ ಕೂತಿತು. ಪೆಟ್ಟಿಗೆಯ ಸುತ್ತ ನೀಲಿ ದೀಪ ಓಡಾಡಿತು. ಅಂಜಮ್ಮ ಕೈಮುಗಿದಳು, ಈ ಸಲ ದೂರದಿಂದಲೇ.

ಗೋಣೆಪ್ಪ ಗುಂಡಿ ಒತ್ತಿದ. ಬಾಯಿ ತೆರೆದ.

"ಓ... ಆಇ."

ಸಾರಿ, ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್.

ಇರಲಿ, ಹೊನ್ನಾಳಿ ಎಂದೂ ಬಂದಿರಲಿಲ್ಲ. ಅವನು ನ್ಯಾಮತಿ ಹೇಳಿದ. ಸಾರಿ. ಚನ್ನಗಿರಿ ಹೇಳಿದ. ಸಾರಿ. ಎಲ್ಲಕ್ಕಿಂತ ಮೊದಲು ಬಂದಿದ್ದ, ಅಂಜಮ್ಮ ಬೀದಿಗೆಲ್ಲ ಸಾರಿದ್ದ ಜಗಳೂರನ್ನು ಹೇಳಿದ. "ಅಊಊ." ಸಾರಿ. ಮತ್ತೆ ಹೇಳಿದ. ಮತ್ತೆ ಹೇಳಿದ. ಕುತ್ತಿಗೆಯ ನರ ಉಬ್ಬಿತ್ತು, ಬಾಯಿಯ ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು. ಅಂಜಮ್ಮ ಸೆರಗಿನಲ್ಲಿ ಒರೆಸಲು ಹೋದರೆ ಕೈ ತಳ್ಳಿದ. ಆ ನಲವತ್ತು ದಿನದಲ್ಲಿ ಇನ್ನೊಂದು ಸಣ್ಣ ಹೊಡೆತ ಬಿದ್ದಿತ್ತೋ, ಅಭ್ಯಾಸ ತಪ್ಪಿದ್ದೇ ಕಾರಣವೋ, ಆಮೇಲೆ ದಾವಣಗೆರೆಯ ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ನನಗೆ ಮಾತ್ರ ಯಾವ ಡಾಕ್ಟರೂ ಬೇಕಾಗಿರಲಿಲ್ಲ.

ಆಮೇಲೆ ಅವನು ನನ್ನ ಕಡೆ ತಿರುಗಿ, ಮುಖದಲ್ಲಿ ಮುಖವಿಟ್ಟು, ನಿಧಾನವಾಗಿ ಏನೋ ಹೇಳಿದ. ಸಣ್ಣ ಮಾತಲ್ಲ, ನಾಲ್ಕೈದು ಪದ ಇತ್ತು. ಬೈದನೋ, ಉಪಕಾರ ನೆನೆದನೋ, ಇಷ್ಟು ದಿನ ಯಾಕೆ ತಡ ಮಾಡಿದೆ ಎಂದು ಕೇಳಿದನೋ. ನನಗೆ ಒಂದಕ್ಷರ ತಿಳಿಯಲಿಲ್ಲ. ತಿಳಿಯಲಿಲ್ಲ ಗೋಣೆಪ್ಪಣ್ಣ, ಇನ್ನೊಂದು ಸಲ ಹೇಳು ಅನ್ನಬೇಕಿತ್ತು. ಆ ಪೆಟ್ಟಿಗೆಗಿದ್ದಷ್ಟು ಯೋಗ್ಯತೆ ನನಗಿರಲಿಲ್ಲ.

"ಹ್ಞೂ ಗೋಣೆಪ್ಪಣ್ಣ" ಎಂದು ತಲೆ ಆಡಿಸಿದೆ.

ಸ್ಲೇಟು ಪಕ್ಕದಲ್ಲೇ ಇತ್ತು, ಅದನ್ನು ಅವನು ಮುಟ್ಟಲಿಲ್ಲ. ಬಗ್ಗಿ ಸ್ವಿಚ್ ಬಂದ್ ಮಾಡಿದ. ಪೆಟ್ಟಿಗೆಯಿಂದಲೂ ಗೋಡೆಯಿಂದಲೂ ವೈರ್ ಬಿಡಿಸಿಕೊಂಡ. ಸತ್ತ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲ ಮೇಲೆ ಮಡಚಿ ಇಟ್ಟು, ಅದರ ಹೆಬ್ಬೆರಳಿಗೆ ವೈರಿನ ತುದಿ ಸಿಕ್ಕಿಸಿ, ಮೊಳಕೈ ಬಳಸಿ, ಮತ್ತೆ ಹೆಬ್ಬೆರಳಿಗೆ ತಂದು, ಒಂದೇ ಅಳತೆಯಲ್ಲಿ ಸುತ್ತಿದ. ನಾಲ್ಕು ಮೊಳದ ವೈರು, ಎರಡೇ ಸುತ್ತಿಗೆ ಮುಗಿಯಿತು. ಕೊನೆಯ ತುದಿಯನ್ನು ನಡುವಿಗೆ ಕಟ್ಟಿ ನನ್ನ ಕೈಯಲ್ಲಿಟ್ಟ.