ಬಾಗಿಲು ಶುದ್ಧವಿಲ್ಲದ ಮನೆಯವಳು

ಗೆಳತಿ ಛ್ಯಾವ್‌ರೊಂಗ್ ಮಂಗಳವಾರ ತೀರಿಕೊಂಡಳು. ಕಂಕುಳ ನಾತ ವಂಶದಲ್ಲೇ ಇದ್ದವರನ್ನು ನಮ್ಮ ಶಾನ್‌ಶಿ ಪ್ರಾಂತ್ಯದಲ್ಲಿ 'ಬಾಗಿಲು ಶುದ್ಧವಿಲ್ಲದ ಮನೆಯವರು' ಎನ್ನುತ್ತಾರೆ. ಆ ಒಂದು ಮಾತಿಗೆ ಅವಳ ಮದುವೆ ಎರಡು ಸಲ ಮುರಿಯಿತು. ಅವಳು ಕಂಕುಳು ಕೊಯ್ಯಿಸಿ ನಾತ ಹುಟ್ಟಿಸುವ ಗ್ರಂಥಿಗಳನ್ನು ತೆಗೆಸಿಕೊಂಡಳು, ಅದೇ ಆಸ್ಪತ್ರೆಯಲ್ಲಿ ನರ್ಸ್ ಆದಳು. ಅವಳಷ್ಟು ತಲೆಯೆತ್ತಿ ನಡೆದವರನ್ನು ನಾನು ಕಾಣೆ.

ತೀರಿಕೊಂಡ ದಿನ ಬೆಳಿಗ್ಗೆ, ಅಲ್ಲೇ ಅವಳೇ ರೋಗಿಯಾಗಿ ಮಲಗಿದ್ದಾಗ, ಅದೇ ಕಂಕುಳ ಆಪರೇಷನ್ನಿಗೆ ಹೆದರಿದ ಹುಡುಗಿಯೊಬ್ಬಳು ಹುಡುಕಿಕೊಂಡು ಬಂದಳು.

"ಚಿಕ್ಕಮ್ಮಾ, ಆಮೇಲೆ ಕೈ ಎತ್ತೋಕೇ ಆಗಲ್ವಂತೆ?"

"ಒಂದು ವಾರ ಎತ್ತಬಾರದು ಕಣೇ, ಹೊಲಿಗೆ ಬಿಚ್ಚುತ್ತೆ. ಆಮೇಲೆ ನೋಡು!"

ಡ್ರಿಪ್ ಹಾಕಿದ್ದ ಕೈಯನ್ನೇ ಮೇಲೆತ್ತಿ ಕಂಕುಳಿನ ಹಳೆಯ ಹೊಲಿಗೆಯ ಕಲೆ ತೋರಿಸಿದಳು. ಹುಡುಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರೆಗೂ ಆ ಕೈ ಇಳಿಸಲಿಲ್ಲ.