ಮುದುಕ ಇನ್ನೂ ಬಂದಿಲ್ಲ

ನಮ್ಮ ದೊಡ್ಡವ್ವನ ಎಡಗೆನ್ನೆ ಯಾವಾಗಲೂ ಉಬ್ಬಿರುತ್ತಿತ್ತು. ಒಳಗೆ ಎಲೆಯಡಿಕೆ. ನಾಟಕ ನೋಡುತ್ತಾ ಕೂತಾಗ ಯಾರಾದರೂ ಹಾಡು ಕೆಡಿಸಿದರೆ ಆ ಉಬ್ಬು ಮೆಲ್ಲಗೆ ಬಲಗೆನ್ನೆಗೆ ಸರಿಯುತ್ತಿತ್ತು. ಅವಳು ಕೂರುತ್ತಿದ್ದುದು ಮೊದಲ ಸಾಲಿನಲ್ಲಿ. ಹಾಗಾಗಿ ನಂಜನಗೂಡಿನಿಂದ ಬನ್ನೂರಿನವರೆಗೆ ಪೌರಾಣಿಕ ನಾಟಕಕ್ಕೆ ಬಣ್ಣ ಹಚ್ಚುತ್ತಿದ್ದವರೆಲ್ಲ ಡೈಲಾಗ್ ಹೊಡೆಯುತ್ತಲೇ ಅವಳ ಕೆನ್ನೆಯ ಮೇಲೊಂದು ಕಣ್ಣಿಟ್ಟಿರುತ್ತಿದ್ದರು.

ಅವಳು ನಮ್ಮವ್ವನ ಅಕ್ಕ. ನಂಜನಗೂಡಿನ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ರಜೆ ಬಂತೆಂದರೆ ನಾಟಕ. ಬಸ್ ಸ್ಟ್ಯಾಂಡಿನ ಗೋಡೆಗೆ ಪೋಸ್ಟರ್ ಅಂಟಿಸುವ ಮೊದಲೇ ಎಲ್ಲಿ ಯಾವ ನಾಟಕ ಎಂಬುದು ಅವಳಿಗೆ ಗೊತ್ತಿರುತ್ತಿತ್ತು. ಹೊಸ ತಿಂಗಳು ಹುಟ್ಟಿತೋ, ಅವಳ ಫೋನು ಬಡಿದುಕೊಳ್ಳಲು ಶುರು. ಈ ಸಲ ಯಾವುದಕ್ಕೆ ಹೋಗಬಹುದು ಎಂದು ಕೇಳುವವರು.

“ಬನ್ನೂರಿಂದ್ಕೆ ಓಗಿ, ಮೇಷ್ಟ್ರು ಗಟ್ಟಿ ಅವ್ರೆ. ನರಸೀಪುರದ್ದು ಬ್ಯಾಡ, ಬರೀ ಊವಿನ್ ಆರ ಆಕದೇ ನೋಡ್ಕಂಡು ಬರ್ಬೇಕು. ಬದನವಾಳಿನ ಐಕ್ಳು ಪಸಂದಾಗಿ ಕಲ್ತವ್ರೆ ಕಣ್ರೀ, ಬುಡ್ಬ್ಯಾಡಿ” ಎನ್ನುತ್ತಿದ್ದಳು.

ನಾಟಕ ಮುಗಿದ ಮೇಲೆ ಮುಖ ತೊಳೆಯುತ್ತಿದ್ದವರ ಹತ್ತಿರ ಹೋಗಿ ಒಬ್ಬೊಬ್ಬರಿಗೂ ಒಂದೊಂದು ಮಾತು. ಯಾರ ಮುಲಾಜೂ ಇಲ್ಲ. ಒಮ್ಮೆ ಊರಿನ ಯಜಮಾನರೊಬ್ಬರು ದೊಡ್ಡ ಪಾತ್ರ ಮಾಡಿ, ಹೊಗಳಿಕೆಗೆ ಕಾದು ನಿಂತಿದ್ದರು. ದೊಡ್ಡವ್ವ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಗದೆ ಚೆಂದಾಗಿತ್ತು” ಎಂದಳು. ಅವರು ಆಮೇಲೆ ಎರಡು ವರ್ಷ ಅವಳನ್ನು ಮಾತಾಡಿಸಲಿಲ್ಲ.

ಇಂಥವಳ ಎದುರು ಬಣ್ಣ ಹಚ್ಚುವ ಹುಚ್ಚು ನನಗೂ ಹತ್ತಿತು. ಆಗ ನಾನು ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯೊಂದಕ್ಕೆ ಸೇರಿದ್ದೆ. ನಾಟಕದ ಮೊದಲರ್ಧದ ಭಾರಿ ಪಾತ್ರಗಳು ಊರಿನ ಭಾರಿ ಜನಕ್ಕೇ ಹೋಗುತ್ತವೆ. ನನ್ನಂಥವನಿಗೆ ಉಳಿದದ್ದು ಕಟ್ಟಕಡೆಯ ದೃಶ್ಯ. ರಣರಂಗದಲ್ಲಿ ಮಗನ ಹೆಣ ಹುಡುಕಿಕೊಂಡು ಬರುವ ಮುದುಕ ರಾಜ. ಒಂದು ಹಾಡು, ಒಂದಿಷ್ಟು ಅಳು. ಅಷ್ಟಕ್ಕೇ ಶಿಫ್ಟ್ ಮುಗಿಸಿ ಬಂದು ತಿಂಗಳುಗಟ್ಟಲೆ ಪ್ರಾಕ್ಟೀಸು ಮಾಡಿದೆ. ಬಚ್ಚಲಲ್ಲಿ ನಾನು ಹಾಡಿದ್ದು ಕೇಳಿ ಕೇಳಿ ಹೆಂಡತಿ, “ಆ ಮಗನ್ನ ಒಂದ್ಸಲ ಮಣ್ಣು ಮಾಡ್ಬುಡಿ” ಎಂದು ಕೈ ಮುಗಿದಿದ್ದಳು.

ಆಟ ನರಸೀಪುರದ ಕಲ್ಯಾಣಮಂಟಪದಲ್ಲಿ, ಬೆಳಿಗ್ಗೆ ಶುರುವಾಗಿ ಸಂಜೆಗೆ ಮುಗಿಯಬೇಕು. ಆದರೆ ಒಬ್ಬೊಬ್ಬ ಪಾತ್ರಧಾರಿ ಬಂದಾಗಲೂ ಅವನ ನೆಂಟರು ಹಾರ ಹಿಡಿದು ರಂಗಕ್ಕೆ ಹತ್ತಿದರು. ನಡುವೆ ಶಾಲು, ಪೇಟ, ಭಾಷಣ. ಬಾಣ ಹೂಡಿದವನು ಬಾಣ ಬಿಡುವುದಕ್ಕೆ ಮುಂಚೆ ಅರ್ಧ ಗಂಟೆ ಫೋಟೋಗೆ ನಿಂತ. ಸಂಜೆಯಾಯಿತು. ಮಾರನೆಯ ದಿನದ ಮದುವೆಯ ಅಡುಗೆಯವರು ಕೊಳದಪ್ಪಲೆಗಳನ್ನು ಹೊತ್ತುಕೊಂಡು ಬಂದರು. ಮಂಟಪದ ಉಸ್ತುವಾರಿಯವನು ಬಂದು ನಮಗೆ ನಾಟಕ ಕಲಿಸಿದ ಮೇಷ್ಟ್ರ ಕಿವಿಯಲ್ಲಿ ಏನೋ ಹೇಳಿದ. ಮೇಷ್ಟ್ರು ನನ್ನ ಕಡೆ ನೋಡಿ ತಲೆ ತಗ್ಗಿಸಿ, ಹಾರ್ಮೋನಿಯಂನಲ್ಲಿ ಮಂಗಳ ಹಿಡಿದರು. ಬಿಳಿಗಡ್ಡ, ಕಿರೀಟ ಹೊತ್ತು ಪಕ್ಕದಲ್ಲೇ ನಿಂತಿದ್ದ ನನ್ನ ಮುಂದೆ ಪರದೆ ಬಿತ್ತು. ನನಗೆ ನಿಜಕ್ಕೂ ಅಳು ಬಂತು.

ಜನ ಎದ್ದು ಹೊರಟರು. ದೊಡ್ಡವ್ವ ಏಳಲಿಲ್ಲ.

“ಏಳವ್ವಾ, ನಾಟ್ಕ ಮುಗೀತು” ಎಂದ ಉಸ್ತುವಾರಿಯವನು.

“ಎಲ್ಲಪ್ಪ ಮುಗ್ದದು? ಮುದ್ಕ ಇನ್ನೂ ಬಂದಿಲ್ಲ.”

“ಟೈಮಾಯ್ತು ಕಣವ್ವಾ, ನಾನೇನ್ ಮಾಡ್ಲಿ?”

“ಮಗ ಸತ್ತು ಬಿದ್ದವ್ನೆ. ಅಪ್ಪ ಬಂದು ಮೊಖ ನೋಡ್ಬೇಕಾ ಬ್ಯಾಡ್ವಾ? ನಿನ್ ಮಂಟ್ಪ ನೀನೇ ಮಡಿಕ್ಕೊ.”

ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ತಾನೇ ಎತ್ತಿಕೊಂಡು ಹೊರಗೆ ನಡೆದಳು. ಅಂಗಳದಲ್ಲಿ ಕುಂಬಳಕಾಯಿ ರಾಶಿಯ ಪಕ್ಕ ಅದನ್ನು ಹಾಕಿ ಕೂತು ಕೂಗಿದಳು: “ಮೇಷ್ಟ್ರೇ, ಪೆಟ್ಗೆ ತಕಬನ್ನಿ ಇಲ್ಲಿಗೆ. ಲೋ ಮಗಾ, ಬಾರ್ಲಾ.”

ನಾನು ನಾಚಿಕೊಂಡು ಪರದೆಯ ಹಿಂದೆಯೇ ನಿಂತಿದ್ದೆ. ಮೇಷ್ಟ್ರೇ ಹಾರ್ಮೋನಿಯಂ ಪೆಟ್ಟಿಗೆ ಎತ್ತಿಕೊಂಡು ನನ್ನ ರಟ್ಟೆ ಹಿಡಿದು ಕರೆತಂದರು. ಸತ್ತ ಮಗ ಆಗಲೇ ಪ್ಯಾಂಟು ಶರ್ಟು ಹಾಕಿಕೊಂಡು ಬಸ್ಸಿಗೆ ಹೊರಟಿದ್ದ. ಅವನನ್ನು ಗೇಟಿನಿಂದ ವಾಪಸ್ಸು ಕರೆದು, ಗೋಣಿತಾಟಿನ ಮೇಲೆ ಮಲಗಿಸಿದರು. ಹೋಗುತ್ತಿದ್ದವರು ನಿಂತರು. ಈರುಳ್ಳಿ ಹೆಚ್ಚುತ್ತಿದ್ದ ಅಡುಗೆಯವರು ಈ ಕಡೆ ತಿರುಗಿ ಕೂತರು. ಉಸ್ತುವಾರಿಯವನೂ ಬಾಗಿಲಿಗೆ ಒರಗಿ ನಿಂತ. ನಾನು ಹಾಡಿದೆ. ಎರಡನೆಯ ಸಾಲಿಗೇ ದೊಡ್ಡವ್ವನ ಎಲೆಯಡಿಕೆ ಕೆನ್ನೆ ಬದಲಿಸಿತು. ನೋಡಿಯೂ ನೋಡದವನಂತೆ ಕೊನೆಯವರೆಗೆ ಆಡಿದೆ. ಅಡುಗೆಯವರು ಚಪ್ಪಾಳೆ ತಟ್ಟಿದರು.

ಬಸ್ಸಿನಲ್ಲಿ ಪಕ್ಕ ಕೂತವಳು ಹೊಗಳಬಹುದೆಂದು ಕಾದೆ. ಇಷ್ಟು ಮಾಡಿದವಳು ಅಷ್ಟೂ ಹೇಳದಿರುತ್ತಾಳೆಯೆ?

“ಸ್ರುತಿ ಬುಟ್ಟೆ” ಎಂದಳು. “ಅಳುನೂ ಸುಳ್ಳು. ಮಗ ಸತ್ತವ್ನು ಅಂಗೆ ಜೋರಾಗಿ ಅಳಲ್ಲ ಕಣ್ಲಾ.”

ಪಿತ್ತ ನೆತ್ತಿಗೇರಿತು. “ಚೆನ್ನಾಗಿಲ್ದಿದ್ರೆ ಯಾಕವ್ವ ಬೀದೀಲಿ ಕುಣಿಸ್ದೆ?” ಎಂದು ರೇಗಿದೆ.

“ಚೆಂದಾಗದೆ ಅಂತ ಯಾರು ಕುಣ್ಸುದ್ರು? ಕಲ್ತಿದ್ದೆ, ಆಡ್ಬೇಕು. ಕಲ್ತವ್ನ ವಾಪಸ್ ಕಳುಸ್ಬಾರ್ದು” ಎಂದು ಕಿಟಕಿಯ ಕಡೆ ತಿರುಗಿದಳು.

ಆ ಮಾತು ಹೊಟ್ಟೆಯೊಳಗೆ ಇಳಿಯಲು ನನಗೆ ಬಹಳ ದಿನ ಬೇಕಾಯಿತು. ಮರು ವರ್ಷವೂ ಅದೇ ಮುದುಕನ ಪಾತ್ರ ಕೇಳಿ ಹಾಕಿಸಿಕೊಂಡೆ. ಹಾರ, ಶಾಲುಗಳೆಲ್ಲ ಮಂಗಳ ಹಾಡಿದ ಮೇಲೆಯೇ ಎಂದು ತಂಡದಲ್ಲಿ ಜಗಳವಾಡಿ ಒಪ್ಪಿಸಿದೆ. ದೊಡ್ಡವ್ವ ಪ್ರತಿ ಸಲವೂ ಬಂದಳು. ಪ್ರತಿ ಸಲವೂ ಏನಾದರೊಂದು ಹುಳುಕು ಹಿಡಿದಳು. ಎಷ್ಟೋ ವರ್ಷದ ಮೇಲೆ ಒಮ್ಮೆ “ಪರ್ವಾಗಿಲ್ಲ” ಅಂದಿದ್ದಳು. ಮಾರನೆಯ ದಿನ ನಾನು ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಟೀ ಕೊಡಿಸಿದೆ. ಅದರ ಮೇಲಿನ ಮಾತನ್ನು ಅವಳ ಬಾಯಿಂದ ಹೊರಡಿಸಬೇಕೆಂಬುದೇ ನನ್ನ ಬಾಳಿನ ಆಸೆಯಾಗಿಬಿಟ್ಟಿತ್ತು.

ಹೋದ ಮಳೆಗಾಲದಲ್ಲಿ ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ಕಪಿಲೆಯ ದಂಡೆಯಲ್ಲಿ ಎಲ್ಲ ಮುಗಿಸಿದೆವು. ಅಷ್ಟು ಜನ ಪಾತ್ರಧಾರಿಗಳು ಬಣ್ಣವಿಲ್ಲದ ಮುಖದಲ್ಲಿ ಒಟ್ಟಿಗೆ ನಿಂತದ್ದನ್ನು ನಾನು ಅಂದೇ ನೋಡಿದ್ದು.

ಈ ತಿಂಗಳು ಬನ್ನೂರಿನಲ್ಲಿ ನಮ್ಮ ನಾಟಕವಿತ್ತು. ಮಗನ ಪಾತ್ರದವನ ಪಕ್ಕ ಮಂಡಿಯೂರಿದಾಗ ಹಾಡು ತಾನಾಗಿ ಬಂತು, ಅಳುವಾಗಲೂ ದನಿ ಏರಲೇ ಇಲ್ಲ. ಮುಗಿದ ಮೇಲೆ ಮೇಷ್ಟ್ರು ತಬ್ಬಿಕೊಂಡರು. ತಂಡದವರು ಭುಜ ತಟ್ಟಿದರು. ಗುರುತಿಲ್ಲದವರೂ ಬಂದು ಕೈ ಹಿಡಿದು, “ಬಾಳ ಚೆಂದಾಗಿತ್ತು ಸಾ” ಎಂದರು.

ಎಲ್ಲರೂ ಹೋಗುವವರೆಗೆ ಬಣ್ಣ ತೊಳೆಯದೆ ಕೂತೇ ಇದ್ದೆ. ನಾಟಕ ನಿಜಕ್ಕೂ ಹೇಗಿತ್ತೆಂದು ನನಗೆ ಇನ್ನೂ ಗೊತ್ತಾಗಿಲ್ಲ.