ಚಿಕ್ಕವ್ವನ ಅವಸರ

ಮಗಳು ಕಾಲೇಜಿನಿಂದ ಬಂದವಳೇ ಮೊಣಕೈಗೆ ಮುಲಾಮು ಹಚ್ಚಿಕೊಳ್ಳುತ್ತ ಕೂತಳು. ಹುಳಕಡ್ಡಿ ಆಗಿದೆಯಂತೆ. ನಿಮಗೂ ಹೀಗಾಗುತ್ತದೋ ಏನೋ, ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಕೆ.ಆರ್. ನಗರದ ಈ ಮನೆಯಲ್ಲಿರಲಿಲ್ಲ. ಹನಗೋಡಿನ ತವರಲ್ಲಿ, ಕಿವಿಗೆ ಹತ್ತಿ ತುರುಕಿಕೊಂಡು, ಅಮ್ಮನ ಅಪ್ಪಣೆಯಿಲ್ಲದೆ ಸೀನಲೂ ಹೆದರುತ್ತಿದ್ದ ಬಾಣಂತಿಯಾಗಿದ್ದೆ.

ಅಮ್ಮನ ತಂಗಿ, ನಮ್ಮ ಚಿಕ್ಕವ್ವ, ಪಕ್ಕದ ಬೀದಿಯವಳು. ಸ್ವಂತಕ್ಕೆ ಮಕ್ಕಳಾಗಲಿಲ್ಲ, ಕೇರಿಯ ಕೂಸುಗಳಿಗೆಲ್ಲ ನೀರು ಹುಯ್ದವಳು. ಆದರೆ ನನ್ನ ಮಗಳು ಹುಟ್ಟಿದ ಹೊತ್ತಿಗೆ, ನಾಟಿಯ ಕೆಸರಲ್ಲಿ ನೆನೆದೂ ನೆನೆದೂ ಅವಳ ಸೊಂಟ, ತೋಳಿಗೆಲ್ಲ ಹುಳಕಡ್ಡಿ ಹಬ್ಬಿತ್ತು. ಹೊಸಿಲಾಚೆಯೇ ನಿಂತು ಮಗುವನ್ನು ಇಣುಕಿ ನೋಡುತ್ತಿದ್ದಳು.

"ಒಳಕ್ಕೆ ಬಾ ಚಿಕ್ಕವ್ವ."

"ಬ್ಯಾಡ ಕಣವ್ವ, ಮಗೀಗೆ ಅಂಟ್ಕತದೆ. ವಾಸಿಯಾಗ್ಲಿ, ಆಮೇಲೆ ಕೆಳಕ್ಕೇ ಬುಡಾಕಿಲ್ಲ."

ಹುಣಸೂರಿನ ಡಾಕ್ಟರು ಹಚ್ಚಲು ಇದೇ ಘಾಟಿನ ಮುಲಾಮು, ನುಂಗಲು ದಿನಕ್ಕೊಂದು ಮಾತ್ರೆ ಬರೆದಿದ್ದರು. ನಿಧಾನಕ್ಕೆ ವಾಸಿಯಾಗುತ್ತೆ, ನಡುವೆ ಬಂದು ರಕ್ತ ಪರೀಕ್ಷೆ ಮಾಡಿಸಿ ಎಂದಿದ್ದರು. ಚಿಕ್ಕವ್ವನಿಗೆ ಆ ನಿಧಾನವೇ ಆಗಲಿಲ್ಲ. ನಾನು ಗಂಡನ ಮನೆಗೆ ಹೊರಡುವುದರೊಳಗೆ ಗುಣವಾಗಲೆಂದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನುಂಗಿದಳು. ಮುಗಿದರೆ ಹಳೇ ಚೀಟಿಯನ್ನೇ ತೋರಿಸಿ ಮತ್ತೆ ತಂದಳು. ಊಟ ಸೇರದಾಯಿತು, ವಾಂತಿಯಾಯಿತು. "ಪಿತ್ತ ಬುಡಕ್ಕ" ಎಂದು ಅಮ್ಮನ ಬಾಯಿ ಮುಚ್ಚಿಸಿದಳು. ಒಂದು ಬೆಳಿಗ್ಗೆ ಹೊಸಿಲ ಬಳಿ ಬಂದು ನಿಂತಾಗ ಅವಳ ಕಣ್ಣು ಅರಿಶಿನ ಕಲಸಿದ ಹಾಗಿತ್ತು. ಅಮ್ಮ ಕಿರುಚಿಕೊಂಡಳು.

ಮೈಸೂರಿನ ಆಸ್ಪತ್ರೆಯಲ್ಲಿ ಹೇಳಿದರಂತೆ: "ಮಾತ್ರೆ ಜಾಸ್ತಿಯಾಗಿ ಲಿವರ್‌ಗೆ ಪೆಟ್ಟಾಗಿದೆ. ಹೆಚ್ಚು ನುಂಗಿದ್ರೆ ಬೇಗ ವಾಸಿಯಾಗಲ್ಲಮ್ಮ. ಇನ್ನೂ ತಡವಾಗಿದ್ರೆ ಉಳೀತಿರ್ಲಿಲ್ಲ."

ಉಳಿದಳು. ಆದರೆ ಚೇತರಿಸಿಕೊಳ್ಳುವಷ್ಟರಲ್ಲಿ ನಾನು ಮಗುವಿನೊಂದಿಗೆ ಇಲ್ಲಿಗೆ ಬಂದಾಗಿತ್ತು. ಮೈ ಗುಣವಾಗಿ ಅವಳು ನಮ್ಮನೆಗೆ ಬಂದಾಗ ಮಗಳು ಆಗಲೇ ನಡೆಯುತ್ತಿದ್ದಳು. ಚಿಕ್ಕವ್ವ ಕೈ ಚಾಚಿದರೆ, ಗುರುತಿಲ್ಲದೆ ಚೀರಿ ನನ್ನ ಸೆರಗಿನೊಳಗೆ ಅಡಗಿದಳು. ಚಿಕ್ಕವ್ವ ನಕ್ಕಳು. ಆ ನಗು ನನಗೆ ನೋಡಲಾಗಲಿಲ್ಲ.

ಮಧ್ಯಾಹ್ನ ಮಗು ನಿದ್ದೆಹೋದ ಮೇಲೆ, "ತೊಡೆ ಮ್ಯಾಲೆ ಮಲುಗ್ಸು" ಅಂದಳು. ಕಾಲು ಜೋಮು ಹಿಡಿದರೂ ಅಲುಗಾಡದೆ ಕೂತಳು. ಹುಣಸೂರಿನ ಬಸ್ಸಿಗೆ ಹೊತ್ತಾಯಿತು ಅಂದೆ.

"ಓಗ್ಲಿ ಬುಡು. ಎದ್ರೆ ಅಳ್ತದೆ."

ಚಿಕ್ಕವ್ವ ವಯಸ್ಸಾಗಿ ತೀರಿಕೊಂಡು ಕೆಲವು ವರ್ಷವಾಯಿತು. ಈ ಕಥೆಯನ್ನು ಮಗಳಿಗೆ ಇವತ್ತೇ ಮೊದಲು ಹೇಳಿದ್ದು. ಅವಳು ಮುಲಾಮಿನ ಮುಚ್ಚಳ ತಿರುಗಿಸುತ್ತ ಕೇಳಿದಳು: "ನಾನು ಎದ್ದು ಅತ್ಬಿಟ್ನಾ ಅಮ್ಮಾ?"

"ಇಲ್ಲ ಕಣೆ. ಕಣ್ಣು ಬಿಟ್ಟು, ಅವಳ ಮುಖ ನೋಡ್ಕೊಂಡು ನೀನು ಹಾಗೇ ಮಲಗಿದ್ದೆ."